ಲೇನಿಯರ್ ಹಿನ್ನೀರಿನ ಸ್ಪಾಟೆಡ್ ಬಾಸ್: ಒಂದು ಕೊರಕಲು, ನಾಲ್ಕು ಕಾಲ

ನಾನು ಗಾಳ ಹಾಕುವ ಒಂದು ಜಾಗವಿದೆ. ನೀರಿಗೆ ಚಾಚಿಕೊಂಡ ಕೆಂಪು ಮಣ್ಣಿನ ಒಂದು ಮೂಗು. ಅದರ ತುದಿಯಲ್ಲಿ ನೀರೊಳಗೇ ಮುಳುಗಿರುವ ಒಂದು ದಿಬ್ಬ. ಪಕ್ಕದಲ್ಲಿ ದಡದಿಂದ ಆಳಕ್ಕೆ ಇಳಿಯುವ ಒಂದು ಕೊರಕಲು. ಅಷ್ಟೇ. ದೋಣಿಯಲ್ಲಿ ಸುತ್ತು ಹಾಕಲು ಐದು ನಿಮಿಷ ಸಾಕು. ಆದರೆ ಮೇ ತಿಂಗಳಲ್ಲಿ ಇಲ್ಲಿ ಸ್ಪಾಟೆಡ್ ಬಾಸ್ ಎಂಬ ಮೀನು ನಾಲ್ಕು ಅಡಿ ನೀರಲ್ಲಿ ಸಿಗುತ್ತದೆ. ಜುಲೈನಲ್ಲಿ ಅದೇ ದಿಬ್ಬದ ಮೇಲೆ 25 ಅಡಿ ಆಳದಲ್ಲಿ ನಿಂತಿರುತ್ತದೆ. ಜನವರಿಯ ಮಧ್ಯಾಹ್ನ ಹೋದರೆ ಕೊರಕಲಿನ ಬುಡದಲ್ಲಿ, 45 ಅಡಿಯಲ್ಲಿ.

ಹೊಸಬರು ಮೊದಲು ಕೇಳುವುದು, "ಎಲ್ಲಿ ಹಾಕಬೇಕು?" ಅಂತ. ಜಾಗ ತೋರಿಸುವುದು ಸುಲಭ. ಆದರೆ ಆ ಉತ್ತರ ಆ ವಾರಕ್ಕೆ ಮಾತ್ರ. ಮೀನು ಯಾಕೆ ಅಲ್ಲಿದೆ ಅಂತ ಗೊತ್ತಾದರೆ ಮುಂದಿನ ವಾರ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೀವೇ ಊಹಿಸಬಹುದು. ಅದಕ್ಕೆ ಎರಡು ವಿಷಯ ಗೊತ್ತಿರಬೇಕು. ನೀರು ವರ್ಷವಿಡೀ ಹೇಗೆ ಬದಲಾಗುತ್ತದೆ, ಮತ್ತು ಈ ಮೀನು ಏನನ್ನು ತಿಂದು ಬದುಕುತ್ತದೆ.

ಮೊದಲು ಊರು ಹೇಳಿಬಿಡುತ್ತೇನೆ. ಇದು ಅಮೆರಿಕದ ಜಾರ್ಜಿಯಾ ರಾಜ್ಯದ ಲೇಕ್ ಲೇನಿಯರ್. ಅಟ್ಲಾಂಟಾದಿಂದ ಈಶಾನ್ಯಕ್ಕೆ ಸುಮಾರು ಒಂದು ಗಂಟೆಯ ದಾರಿ. ಕಮಿಂಗ್, ಆಲ್ಫರೆಟ್ಟಾ, ಜಾನ್ಸ್ ಕ್ರೀಕ್ ಕಡೆ ಇರುವ ಕನ್ನಡದ ಮನೆಗಳಿಗೆ ಇದು ಹಿತ್ತಲಿನ ಕೆರೆ ಇದ್ದ ಹಾಗೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಬರುವವರು ಬೇಕಾದಷ್ಟು ಜನ. ಗಾಳ ಹಿಡಿದು ಬರುವವರು ಕಡಿಮೆ. ಆ ಕಡಿಮೆ ಜನ ಇನ್ನಷ್ಟು ಜಾಸ್ತಿ ಆಗಲಿ ಎನ್ನುವುದು ನನ್ನ ಆಸೆ.

ಹೆಸರಿಗೆ ಲೇಕ್, ನಿಜಕ್ಕೂ ಇದು ಹಿನ್ನೀರು. ಚಟ್ಟಾಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದ್ದು 1950ರ ದಶಕದಲ್ಲಿ. ಕಟ್ಟಿದ್ದೂ ಈಗ ನೋಡಿಕೊಳ್ಳುತ್ತಿರುವುದೂ ಅಮೆರಿಕದ ಸೇನೆಯ ಎಂಜಿನಿಯರ್‌ಗಳ ದಳ. ನೀರು ಹರಡಿರುವುದು ಸುಮಾರು 38,000 ಎಕರೆ, ನಮ್ಮ ಕೆಆರ್‌ಎಸ್ ಹಿನ್ನೀರಿಗಿಂತ ತುಸು ಜಾಸ್ತಿ. ಚಟ್ಟಾಹೂಚಿ ಮತ್ತು ಚೆಸ್ಟಾಟಿ ಎನ್ನುವ ಎರಡು ನದಿಗಳ ಕಣಿವೆಗಳು, ಅವಕ್ಕೆ ಸೇರುವ ನೂರಾರು ಹಳ್ಳಗಳು, ಎಲ್ಲ ಒಟ್ಟಿಗೆ ಮುಳುಗಿವೆ. ಅದಕ್ಕೇ ಇದರ ದಡ ಬೆರಳು ಬಿಡಿಸಿದ ಕೈಯ ಹಾಗೆ. ದಡದ ಉದ್ದ 1,100 ಕಿಲೋಮೀಟರ್ ದಾಟುತ್ತದೆ. ಅಣೆಕಟ್ಟಿನ ಹತ್ತಿರ ಆಳ 150 ಅಡಿಗೂ ಜಾಸ್ತಿ.

ನೀರು ತುಂಬುವ ಮುಂಚೆ ಇಲ್ಲಿ ಗುಡ್ಡಗಳಿದ್ದವು, ಹೊಲಗಳಿದ್ದವು, ರಸ್ತೆಗಳಿದ್ದವು. ಗುಡ್ಡದ ನೆತ್ತಿ ಈಗ ನೀರೊಳಗಿನ ದಿಬ್ಬ. ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ಕೊರಕಲು ಈಗ ಮೀನಿನ ಹೆದ್ದಾರಿ. ಆಳದಲ್ಲಿ ಕಡಿಯದೆ ಬಿಟ್ಟ ಮರಗಳು ಇನ್ನೂ ನಿಂತಿವೆ. ದೋಣಿಯಲ್ಲಿ ಕೂತಾಗ ನಾನು ಮೇಲಿನ ನೀರನ್ನು ನೋಡುವುದಿಲ್ಲ. ಕೆಳಗಿನ ಬೆಟ್ಟವನ್ನು ಕಲ್ಪಿಸಿಕೊಳ್ಳುತ್ತೇನೆ. ಮಲೆನಾಡಿನ ಒಂದು ಕಣಿವೆಗೆ ನೀರು ತುಂಬಿದೆ ಅಂದುಕೊಳ್ಳಿ. ಮೀನಾಗಿದ್ದರೆ ನೀವು ಎಲ್ಲಿ ನಿಲ್ಲುತ್ತಿದ್ದಿರಿ? ಅಲ್ಲಿಂದ ಯೋಚನೆ ಶುರುವಾಗಬೇಕು.

ಈ ನೀರಿಗೆ ಇನ್ನೊಂದು ಕಥೆಯಿದೆ. ಅಟ್ಲಾಂಟಾ ಸೀಮೆಯ ಲಕ್ಷಾಂತರ ಜನ ಕುಡಿಯುವುದು ಇದನ್ನೇ. ಕೆಳಗಿನ ಅಲಬಾಮಾ ಮತ್ತು ಫ್ಲೋರಿಡಾ ರಾಜ್ಯಗಳೂ ಈ ನದಿಯನ್ನು ನಂಬಿಕೊಂಡಿವೆ. ಮೂರು ರಾಜ್ಯಗಳ ಜಗಳ ದಶಕಗಳ ಕಾಲ ನಡೆಯಿತು. ಫ್ಲೋರಿಡಾ ಹಾಕಿದ್ದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕಾವೇರಿ ಸುದ್ದಿ ಕೇಳುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಗಾಳ ಹಾಕುವವರಿಗೆ ಇದು ಯಾಕೆ ಮುಖ್ಯ ಅಂದರೆ, ನೀರಿನ ಮಟ್ಟ ಏರುತ್ತದೆ, ಇಳಿಯುತ್ತದೆ. ಬೇಸಿಗೆಯಲ್ಲಿ ತುಂಬಿದ ಮಟ್ಟ ಅಂದರೆ ಸಮುದ್ರಮಟ್ಟದಿಂದ 1,071 ಅಡಿ. 2007ರ ಬರದಲ್ಲಿ, ಆ ವರ್ಷದ ಕೊನೆಗೆ, ಅದಕ್ಕಿಂತ 20 ಅಡಿ ಕೆಳಗೆ ಹೋಗಿತ್ತು. ದಿಬ್ಬ ಎಲ್ಲೂ ಹೋಗುವುದಿಲ್ಲ. ಆದರೆ ನೀರು ಆರು ಅಡಿ ಇಳಿದರೆ ನಿಮ್ಮ 25 ಅಡಿಯ ಜಾಗ 19 ಅಡಿಯ ಜಾಗವಾಗುತ್ತದೆ. ಹೋದ ವರ್ಷ ಮೀನು ಸಿಕ್ಕಿದ ದಿಬ್ಬ ಈ ವರ್ಷ ಖಾಲಿ ಅನ್ನಿಸಿದರೆ ಮೊದಲು ಇವತ್ತಿನ ಮಟ್ಟ ಎಷ್ಟು ಅಂತ ನೋಡಿ.

ಈಗ ಮೀನಿಗೆ ಬರೋಣ. ಸ್ಪಾಟೆಡ್ ಬಾಸ್, ಇಲ್ಲಿಯವರ ಬಾಯಲ್ಲಿ ಬರೀ 'ಸ್ಪಾಟ್'. ಬೆನ್ನು ಹಸಿರು, ಪಕ್ಕದಲ್ಲಿ ಕಪ್ಪು ಮಚ್ಚೆಗಳ ಒಂದು ಪಟ್ಟಿ, ಹೊಟ್ಟೆಯ ಬಿಳಿಯ ಮೇಲೆ ಸಾಲು ಸಾಲಾಗಿ ಸಣ್ಣ ಚುಕ್ಕೆ. ಆ ಚುಕ್ಕೆಗಳಿಂದಲೇ ಹೆಸರು. ಇದರ ದಾಯಾದಿ ಲಾರ್ಜ್‌ಮೌತ್ ಬಾಸ್ ಕೂಡ ಇದೇ ನೀರಲ್ಲಿದೆ. ಎರಡನ್ನೂ ಬೇರೆ ಮಾಡಲು ಬಾಯಿ ನೋಡಿ. ಲಾರ್ಜ್‌ಮೌತ್‌ನ ಬಾಯಿಯ ಮೂಲೆ ಕಣ್ಣನ್ನು ದಾಟಿ ಹಿಂದೆ ಹೋಗುತ್ತದೆ, ಸ್ಪಾಟ್‌ನದು ದಾಟುವುದಿಲ್ಲ. ಇನ್ನೂ ಅನುಮಾನ ಇದ್ದರೆ ನಾಲಿಗೆಯ ಮೇಲೆ ಹೆಬ್ಬೆರಳು ಇಡಿ. ಸ್ಪಾಟ್‌ನ ನಾಲಿಗೆ ಮೇಲೆ ಉಪ್ಪುಕಾಗದದ ಹಾಗೆ ಒರಟಾದ ಒಂದು ಮಚ್ಚೆ ತಾಗುತ್ತದೆ. ಅದು ಸಣ್ಣ ಹಲ್ಲುಗಳ ಗುಂಪು.

ರೂಪಕ್ಕಿಂತ ಸ್ವಭಾವದ ವ್ಯತ್ಯಾಸ ದೊಡ್ಡದು. ಲಾರ್ಜ್‌ಮೌತ್ ನಮ್ಮ ಕೆರೆಯ ಕೊರವ ಮೀನಿನ ಹಾಗೆ. ಜೊಂಡಿನಲ್ಲೋ ಬಿದ್ದ ಮರದ ನೆರಳಲ್ಲೋ ಅಡಗಿ ಕೂತು, ಹತ್ತಿರ ಬಂದದ್ದನ್ನು ಹಾರಿ ಹಿಡಿಯುತ್ತದೆ. ಸ್ಪಾಟ್ ಹಾಗಲ್ಲ. ಅದು ಗುಂಪು ಕಟ್ಟಿಕೊಂಡು, ಆಳದ ಬಯಲಲ್ಲಿ ತಿರುಗುತ್ತಾ, ಸಣ್ಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ಹೋಗುವ ಬೇಟೆಗಾರ. ಒಂದು ಸಿಕ್ಕಿತು ಅಂದರೆ ಅಲ್ಲಿ ಇನ್ನೂ ನಾಲ್ಕಿರುತ್ತವೆ. ಗಾಳ ಕಚ್ಚಿದ ಮೇಲೂ ಲಾರ್ಜ್‌ಮೌತ್ ಮೇಲಕ್ಕೆ ಹಾರಿದರೆ, ಸ್ಪಾಟ್ ತಲೆ ಕೆಳಗೆ ಹಾಕಿ ಆಳಕ್ಕೆ ಎಳೆಯುತ್ತದೆ. ಎರಡು ಪೌಂಡಿನ ಮೀನು ನಾಲ್ಕು ಪೌಂಡಿನದು ಅನ್ನಿಸುವ ಹಾಗೆ.

ಒಂದು ಮಾತು ಇಲ್ಲೇ ಹೇಳಬೇಕು. 2008ರಲ್ಲಿ ಮೀನು ವಿಜ್ಞಾನಿಗಳು ಸ್ಪಾಟೆಡ್ ಬಾಸ್ ಎಂದು ಕರೆಯುತ್ತಿದ್ದ ಮೀನುಗಳಲ್ಲಿ ಒಂದು ಬಗೆಯನ್ನು ಬೇರೆಯೇ ಜಾತಿ ಎಂದು ಗುರುತಿಸಿ ಅಲಬಾಮಾ ಬಾಸ್ ಎಂದು ಕರೆದರು. ಲೇನಿಯರ್‌ನ ಸ್ಪಾಟ್‌ಗಳು ಈ ಗುಂಪಿಗೇ ಸೇರಿದವು. ಚಟ್ಟಾಹೂಚಿ ಅವುಗಳ ತವರಲ್ಲ, ಜನರಿಂದ ಇಲ್ಲಿಗೆ ಬಂದವು. ಈ ಮೀನು ಹಿಡಿಯುವುದೆಂದರೆ ನನಗೆ ಪ್ರಾಣ. ಆದರೂ ಹೇಳುತ್ತೇನೆ, ಇದು ಎಲ್ಲ ಕಡೆ ಇರಬೇಕಾದ ಮೀನಲ್ಲ. ಇದೇ ಜಾರ್ಜಿಯಾದ ಉತ್ತರದ ಅಂಚಿನಲ್ಲಿರುವ ಚಟೂಗ್ ಹಿನ್ನೀರಿಗೆ ಯಾರೋ ತಂದು ಬಿಟ್ಟಾಗ, ಅಲ್ಲಿದ್ದ ಸ್ಮಾಲ್‌ಮೌತ್ ಬಾಸ್ ಜೊತೆ ಬೆರಕೆಯಾಗಿ ಆ ಸ್ಮಾಲ್‌ಮೌತ್ ಕಣ್ಮರೆಯಾಯಿತು. ಒಂದು ಬಕೆಟ್ ಜೀವಂತ ಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುವುದು ಸಣ್ಣ ತಪ್ಪಲ್ಲ. ದಯವಿಟ್ಟು ಯಾರೂ ಮಾಡಬೇಡಿ.

ಲೇನಿಯರ್‌ನ ಸ್ಪಾಟ್‌ಗಳು ಈಗಿನಷ್ಟು ದಪ್ಪಗಾಗಲು ಕಾರಣವೂ ಹೊರಗಿನಿಂದ ಬಂದ ಇನ್ನೊಂದು ಮೀನೇ. ಅದು ಬ್ಲೂಬ್ಯಾಕ್ ಹೆರಿಂಗ್. ಅಟ್ಲಾಂಟಿಕ್ ಕಡಲ ಕರೆಯದು, ಮೊಟ್ಟೆ ಇಡಲು ನದಿಗೆ ಏರುವಂಥದು. 1990ರ ದಶಕದಲ್ಲಿ ಈ ನೀರಿಗೆ ಸೇರಿಕೊಂಡಿತು. ಅದಕ್ಕೂ ಮುಂಚೆ ಇಲ್ಲಿ ಬಾಸ್‌ಗಳ ಮುಖ್ಯ ಊಟ ಶ್ಯಾಡ್ ಎಂಬ ಸಣ್ಣ ಬೆಳ್ಳಿ ಮೀನು. ಶ್ಯಾಡ್ ಹಳ್ಳಗಳ ಒಳಗೆ, ನಿಧಾನವಾಗಿ ಓಡಾಡುತ್ತದೆ. ಹೆರಿಂಗ್ ಹಾಗಲ್ಲ. ಉದ್ದಗೆ, ಚುರುಕಾಗಿ, ತಣ್ಣನೆಯ ನೀರು ಹುಡುಕುತ್ತಾ, ನಡುನೀರಲ್ಲಿ ದಿನಕ್ಕೆ ಮೈಲಿಗಟ್ಟಲೆ ಓಡುತ್ತದೆ. ಅದರ ಹಿಂದೆ ಸ್ಪಾಟ್ ಕೂಡ ದಡ ಬಿಟ್ಟು ನಡುನೀರಿಗೆ ಹೋಯಿತು, ದಿಬ್ಬಗಳ ಮೇಲೆ ಕಾಯುವುದನ್ನು ಕಲಿಯಿತು. ಇವತ್ತು ಲೇನಿಯರ್‌ನಲ್ಲಿ ದಡಕ್ಕೇ ಗಾಳ ಬೀಸುತ್ತಾ ಕೂತವರು ವರ್ಷದ ಬಹುಭಾಗ ಮೀನಿಗೆ ಬೆನ್ನು ಹಾಕಿ ಕೂತಿರುತ್ತಾರೆ.

ಇನ್ನು ನೀರಿನ ವಿಷಯ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ಬೇಸಿಗೆಯಲ್ಲಿ ಆಳದ ಕೆರೆಗೋ ಬಾವಿಗೋ ಹಾರಿದ್ದೀರಾ? ಎದೆಯ ಮಟ್ಟದ ನೀರು ಬೆಚ್ಚಗೆ, ಕಾಲ ಹತ್ತಿರ ತಟ್ಟನೆ ತಣ್ಣಗೆ. ಬಿಸಿ ನೀರು ಹಗುರ, ತಣ್ಣೀರು ಭಾರ. ಬಿಸಿಲು ಬಿದ್ದ ಹಾಗೆಲ್ಲ ಮೇಲಿನ ನೀರು ಇನ್ನಷ್ಟು ಹಗುರಾಗಿ ಮೇಲೇ ಉಳಿಯುತ್ತದೆ. ಲೇನಿಯರ್‌ನಲ್ಲಿ ಬೇಸಿಗೆ ಬಲಿಯುವ ಹೊತ್ತಿಗೆ ಮೇಲೆ 29, 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸುಮಾರು 25ರಿಂದ 30 ಅಡಿ ಆಳದಲ್ಲಿ ಒಂದು ನಡು ಪದರ ಬರುತ್ತದೆ, ಅಲ್ಲಿ ಕೆಲವೇ ಅಡಿಗಳಲ್ಲಿ ಶಾಖ ಜರ್ರನೆ ಇಳಿಯುತ್ತದೆ. ಅದರ ಕೆಳಗೆ ಚಳಿಗಾಲದ ತಣ್ಣೀರು ಹಾಗೇ ಮಲಗಿರುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ಜುಲೈನಲ್ಲಿ ಅಣೆಕಟ್ಟಿನ ಕೆಳಗೆ ಹೋಗಿ ನದಿಗೆ ಕಾಲಿಡಿ. ವಿದ್ಯುತ್ ತಯಾರಿಸಲು ನೀರು ಬಿಡುವುದು ಅಣೆಕಟ್ಟಿನ ತಳದ ಕಡೆಯಿಂದ. ಮೇಲೆ ಜನ ಬೆವರುತ್ತಿದ್ದರೂ ಆ ನೀರಲ್ಲಿ ಕಾಲು ಮರಗಟ್ಟುತ್ತದೆ. ಹಿಮಬೆಟ್ಟಗಳ ತೊರೆಯಲ್ಲಿ ಇರಬೇಕಾದ ಟ್ರೌಟ್ ಮೀನು ಇಲ್ಲಿ ಬೇಸಿಗೆಯಲ್ಲೂ ಬದುಕುತ್ತದೆ. ರಾಜ್ಯ ಸರ್ಕಾರ ಅದಕ್ಕೆಂದೇ ಅಣೆಕಟ್ಟಿನ ಕೆಳಗೆ ಒಂದು ಟ್ರೌಟ್ ಮರಿ ಸಾಕಣೆ ಕೇಂದ್ರ ನಡೆಸುತ್ತಿದೆ.

ತಳದ ನೀರು ತಣ್ಣಗಿದ್ದರೆ ಮೀನುಗಳೆಲ್ಲ ಅಲ್ಲಿಗೇ ಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಆ ನೀರಿಗೆ ಮೇಲಿನ ಗಾಳಿ ಸೋಕುವುದಿಲ್ಲ. ಕೆಳಗೆ ಬಿದ್ದ ಎಲೆ, ಪಾಚಿ ಕೊಳೆಯುತ್ತಾ ಇದ್ದ ಆಮ್ಲಜನಕವನ್ನೂ ತಿಂದು ಮುಗಿಸುತ್ತವೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. ಮೇಲೆ ಸುಡುವ ನೀರು, ಕೆಳಗೆ ಉಸಿರಿಲ್ಲದ ನೀರು. ನಡುವಿನ ತೆಳು ಪಟ್ಟಿಯಲ್ಲಿ ಹೆರಿಂಗ್, ಅದರ ಹತ್ತಿರದ ದಿಬ್ಬದ ಮೇಲೆ ಸ್ಪಾಟ್. ಚಳಿ ಶುರುವಾದ ಮೇಲೆ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗೆ ಇಳಿಯುತ್ತದೆ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಇಡೀ ಹಿನ್ನೀರು ಮಗುಚಿಕೊಂಡು ಮೇಲಿಂದ ಕೆಳಗಿನವರೆಗೆ ಒಂದೇ ಆಗುತ್ತದೆ. ಆಮೇಲೆ ಮೀನಿಗೆ ಯಾವ ಆಳಕ್ಕೆ ಹೋಗಲೂ ತಡೆಯಿಲ್ಲ.

ಚಳಿಗಾಲದಿಂದಲೇ ಹೇಳುತ್ತೇನೆ, ಯಾಕೆಂದರೆ ನನಗೆ ಅತ್ಯಂತ ಇಷ್ಟವಾದ ಕಾಲ ಅದು. ಜನವರಿಯಲ್ಲಿ ನೀರು 8ರಿಂದ 10 ಡಿಗ್ರಿ. ಸ್ಕೀ ಓಡಿಸುವವರಿಲ್ಲ, ದೊಡ್ಡ ದೋಣಿಗಳಿಲ್ಲ. ನೀರಿನ ಮೇಲೆ ಲೂನ್ ಹಕ್ಕಿ ಮತ್ತು ಕಡಲಹಕ್ಕಿಗಳು. ಈ ಹಕ್ಕಿಗಳು ಸುಮ್ನೆ ತೇಲುತ್ತಿಲ್ಲ. ಲೂನ್ ಮುಳುಗುತ್ತಿದೆ ಅಂದರೆ ಕೆಳಗೆ ಸಣ್ಣ ಮೀನಿನ ಹಿಂಡಿದೆ. ಹಿಂಡು ಇರುವ ಕಡೆಗೇ ಸ್ಪಾಟ್ ಬರುತ್ತದೆ.

ಈ ಕಾಲದಲ್ಲಿ ಇಲ್ಲಿಯವರು ಕೊರಕಲುಗಳನ್ನು ಹುಡುಕುತ್ತಾರೆ. ರಾತ್ರಿ ಶ್ಯಾಡ್ ಮತ್ತು ಹೆರಿಂಗ್ ಕೊರಕಲಿನ ಗುಂಟ ದಡದ ಕಡೆ ಬರುತ್ತವೆ. ಬೆಳಕು ಹರಿಯುವಾಗ ಸ್ಪಾಟ್‌ಗಳು ಹಿಂದಿನಿಂದ ಬಂದು ಅವನ್ನು ಕೊರಕಲಿನ ತುದಿಗೆ ಒತ್ತರಿಸುತ್ತವೆ. ಎರಡೂ ಬದಿಗೆ ಮಣ್ಣಿನ ಗೋಡೆ, ಮುಂದೆ ದಡ. ಓಡಲು ಜಾಗವಿಲ್ಲ. ಆ ಅರ್ಧ ಗಂಟೆ, ಮುಕ್ಕಾಲು ಗಂಟೆ, 8 ಡಿಗ್ರಿ ನೀರಿನಲ್ಲೂ ಬಾಸ್ ಹತ್ತು ಹನ್ನೆರಡು ಅಡಿಯಲ್ಲಿ ಹಸಿದು ತಿನ್ನುತ್ತಿರುತ್ತದೆ. ಸೂರ್ಯ ಮರದ ಮೇಲೆ ಬರುತ್ತಿದ್ದ ಹಾಗೆ ಹಿಂಡು ಆಳಕ್ಕೆ ಜಾರುತ್ತದೆ. ಬಾಸ್ ಕೂಡ ಅದೇ ದಾರಿಯಲ್ಲಿ 20, 30, 45 ಅಡಿಗೆ. ಅವುಗಳ ಹಿಂದೆಯೇ ನೀವೂ ದೋಣಿಯನ್ನು ಆಳದ ಕಡೆ ಸರಿಸುತ್ತಾ ಹೋಗಬೇಕು. ತಡವಾಗಿ ಎದ್ದು ಒಂಬತ್ತು ಗಂಟೆಗೆ ಬಂದವರು ಕೊರಕಲಿನ ತುದಿಗೇ ಗಾಳ ಹಾಕಿ, ಮೀನಿಲ್ಲ ಅಂತ ಮನೆಗೆ ಹೋಗುತ್ತಾರೆ. ಅವರಿಗೂ ಮೀನಿಗೂ ನಡುವೆ ಇದ್ದದ್ದು ನೂರು ಗಜ ದೂರ, ಎರಡು ಗಂಟೆ ಹೊತ್ತು.

ಬೆಳಗಿನ ಹೊತ್ತಿಗೆ ತಲೆಯ ಕೆಳಗೆ ಪುಟ್ಟ ಹೊಳೆಯುವ ಎಲೆ ತಿರುಗುವ, ಹಿಂದೆ ರಬ್ಬರ್ ಮೀನು ಸಿಕ್ಕಿಸಿದ ಗಾಳ ಸಾಕು. ನಿಧಾನವಾಗಿ ಸುತ್ತಬೇಕು, ಎಷ್ಟು ನಿಧಾನ ಅಂದರೆ ನಿಮಗೇ ಬೇಜಾರಾಗುವಷ್ಟು. ಆಳಕ್ಕೆ ಹೋದ ಮೇಲೆ ಲೋಹದ ಸ್ಪೂನ್. ಬೆರಳುದ್ದದ ಬೆಳ್ಳಿ ಬಣ್ಣದ ತಗಡನ್ನು ನೇರ ಕೆಳಗೆ ಬಿಟ್ಟು, ಎರಡಡಿ ಎತ್ತಿ, ಸಡಿಲ ಬಿಡುವುದು. ಬೀಳುವಾಗ ಅದು ಅಡ್ಡಾದಿಡ್ಡಿ ಓಲಾಡುತ್ತದೆ. ನೀರು 7 ಡಿಗ್ರಿಯ ಹತ್ತಿರ ಬಂದರೆ ಶ್ಯಾಡ್‌ಗಳಲ್ಲಿ ಒಂದು ಬಗೆ ಚಳಿ ತಾಳದೆ ಸಾಯತೊಡಗುತ್ತದೆ. ಸಾಯುವ ಶ್ಯಾಡ್ ಓಲಾಡುತ್ತಾ ಬೀಳುವುದೂ ಹೀಗೆಯೇ. ಮುಕ್ಕಾಲು ಪಾಲು ಕಚ್ಚುವುದು ಸ್ಪೂನ್ ಬೀಳುವಾಗ. ದಾರ ಇದ್ದಕ್ಕಿದ್ದಂತೆ ನಿಂತರೆ ಎಳೆಯಿರಿ.

ಇಲ್ಲಿ ಒಂದು ದುಃಖದ ಮಾತಿದೆ. ಮೊದಮೊದಲು ನಾನು 45 ಅಡಿಯಿಂದ ಮೀನು ಎತ್ತಿ, ಫೋಟೋ ತೆಗೆದು, ದೋಣಿಯ ತೊಟ್ಟಿಯಲ್ಲಿ ಇಟ್ಟುಕೊಂಡು, ಆಮೇಲೆ ಬಿಡುತ್ತಿದ್ದೆ. ಬಿಟ್ಟ ಮೀನು ಕೆಳಗೆ ಹೋಗದೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಾಸ್‌ನ ಹೊಟ್ಟೆಯಲ್ಲಿ ಒಂದು ಗಾಳಿಚೀಲವಿದೆ, ಅದರಿಂದಲೇ ಅದು ನೀರಲ್ಲಿ ಬೇಕಾದ ಆಳದಲ್ಲಿ ನಿಲ್ಲುತ್ತದೆ. ಪ್ರತಿ 33 ಅಡಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. 45 ಅಡಿಯಿಂದ ತಟ್ಟನೆ ಮೇಲೆ ಬಂದರೆ ಆ ಚೀಲದ ಗಾಳಿ ಎರಡೂಕಾಲು ಪಟ್ಟಿಗೂ ಮೀರಿ ಉಬ್ಬಲು ನೋಡುತ್ತದೆ. ಕೆಲವು ಜಾತಿಯ ಮೀನು ಗಾಳಿಯನ್ನು ತೇಗಿ ಹೊರಹಾಕುತ್ತವೆ. ಬಾಸ್‌ಗೆ ಅದು ಆಗುವುದಿಲ್ಲ. ಅಂದು ತೇಲಿದ ಮೀನುಗಳು ನನ್ನಿಂದಲೇ ಸತ್ತವು.

ಈಗ ನಾನು ಆಳದ ಮೀನನ್ನು ತೊಟ್ಟಿಯಲ್ಲಿ ಇಡುವುದೇ ಇಲ್ಲ. ಎತ್ತಿದ ತಕ್ಷಣ ತಲೆ ಕೆಳಗಾಗಿ ಬಿಡುತ್ತೇನೆ. ಕೆಳಗಿಳಿಯಲು ಕಷ್ಟಪಟ್ಟರೆ, ದವಡೆಗೆ ಸಿಕ್ಕಿಸಿ ತೂಕ ಕಟ್ಟಿ ಆಳಕ್ಕೆ ಇಳಿಸುವ ಸಾಧನ ಬಳಸುತ್ತೇನೆ. ಒತ್ತಡ ಮರಳಿದ ಮೇಲೆ ಅದು ತಾನಾಗಿ ಈಜಿ ಹೋಗುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವವರೂ ಇದ್ದಾರೆ, ಆದರೆ ಅದು ಕಲಿತ ಕೈಗೆ ಮಾತ್ರ. ಒಂದೆರಡು ಮೀನು ತೇಲಿದವು ಅಂದರೆ ಆ ಆಳವನ್ನೇ ಬಿಟ್ಟು ಬೇರೆ ಕಡೆ ಹೋಗುವುದು ಒಳ್ಳೆಯದು. ತಿನ್ನಲು ಎಂದು ನಿಯಮದೊಳಗೆ ಇಟ್ಟುಕೊಂಡರೆ ಅದು ಬೇರೆ ಮಾತು. ಈ ಮೀನು ಹುರಿದರೆ ರುಚಿಯಾಗಿಯೂ ಇರುತ್ತದೆ.

ಚಳಿಗಾಲದ ನೀರಿಗೆ ಬಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ. ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಲೇನಿಯರ್‌ನಲ್ಲಿ ಪ್ರತಿ ವರ್ಷ ಜನ ಮುಳುಗಿ ಸಾಯುತ್ತಾರೆ, ಬೇಸಿಗೆಯಲ್ಲೂ. ಓಡುತ್ತಿರುವ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಜೀವರಕ್ಷಕ ಜಾಕೆಟ್ ಹಾಕಲೇಬೇಕು ಎಂದು ಕಾನೂನಿದೆ. ದೊಡ್ಡವರೂ ಹಾಕಿಕೊಳ್ಳಿ. ಜಾಕೆಟ್ ದೋಣಿಯ ಮೂಲೆಯಲ್ಲಿ ಬಿದ್ದಿದ್ದರೆ ಯಾರನ್ನೂ ಉಳಿಸುವುದಿಲ್ಲ.

ಮಾರ್ಚ್ ಬರುತ್ತಿದ್ದ ಹಾಗೆ ಬಿಸಿಲು ಬೀಳುವ ದಡಗಳು ಮೊದಲು ಬೆಚ್ಚಗಾಗುತ್ತವೆ. ಮೀನು ಕೊರಕಲಿನಿಂದ ಮೇಲೇರಿ ಕಲ್ಲಿನ ಮೂಗುಗಳ ಹತ್ತಿರ, ತೇಲುವ ದಕ್ಕೆಗಳ ನೆರಳಲ್ಲಿ ಬಂದು ನಿಲ್ಲುತ್ತದೆ. ನೀರು 15, 16 ಡಿಗ್ರಿ ಮುಟ್ಟಿದಾಗ ಗಂಡು ಬಾಲದಿಂದ ಜಲ್ಲಿ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಲಾರ್ಜ್‌ಮೌತ್‌ಗಿಂತ ಇದು ಸ್ವಲ್ಪ ಆಳದಲ್ಲಿ, ಗಟ್ಟಿ ತಳದಲ್ಲಿ ಗೂಡು ಕಟ್ಟುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆ ಒಡೆಯುವ ತನಕ, ಆಮೇಲೆ ಮರಿಗಳು ಈಜುವ ತನಕ ಕಾಯುವುದು ಗಂಡು. ಆಗ ಅದು ಹಸಿವಿಗಲ್ಲ, ಸಿಟ್ಟಿಗೆ ಗಾಳ ಕಚ್ಚುತ್ತದೆ. ಹಿಡಿಯುವುದು ಸುಲಭ. ಆದರೆ ಅದನ್ನು ಎತ್ತಿದ ಆ ಎರಡು ನಿಮಿಷದಲ್ಲಿ ಸುತ್ತ ಕಾದಿರುವ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ಇಲ್ಲಿ ಬಾಸ್‌ಗೆ ಮುಚ್ಚಿದ ಕಾಲ ಅಂತ ಇಲ್ಲ, ಕಾನೂನು ತಡೆಯುವುದಿಲ್ಲ. ನಾನಂತೂ ಗೂಡು ಕಂಡರೆ ದೋಣಿ ತಿರುಗಿಸುತ್ತೇನೆ.

ನಿಜವಾದ ಹಬ್ಬ ಅದಾದ ಮೇಲೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ನೀರು 20 ಡಿಗ್ರಿಯ ಆಸುಪಾಸಿಗೆ ಬಂದಾಗ, ಹೆರಿಂಗ್ ಮೊಟ್ಟೆ ಇಡಲು ದಡದ ಮೂಗುಗಳಿಗೆ ಬರುತ್ತದೆ. ವರ್ಷವಿಡೀ ಆಳದಲ್ಲಿ ಓಡುವ ಮೀನು ಈಗ ಮೊಣಕಾಲುದ್ದ ನೀರಲ್ಲಿ ಹೊರಳಾಡುತ್ತಿರುತ್ತದೆ. ಮೊಟ್ಟೆ ಇಟ್ಟು ಬಳಲಿ ಹಸಿದಿರುವ ಸ್ಪಾಟ್‌ಗೆ ಊಟ ತಟ್ಟೆಗೇ ಬಂದ ಹಾಗೆ. ಬೆಳಗಿನ ಮೊದಲ ಎರಡು ಗಂಟೆ, ಗಟ್ಟಿ ಮರಳಿನ ಅಥವಾ ಜಲ್ಲಿಯ ಮೂಗು, ಮೇಲೆ ಅಡ್ಡಾಡುವ ಒಂದು ಮರದ ಮೀನು ಅಥವಾ ಬಿಳಿ ರಬ್ಬರ್ ಮೀನು. ಇಷ್ಟು ಸಾಕು. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಈ ಮೂರ್ನಾಲ್ಕು ವಾರಗಳಲ್ಲಿ ಹೋಗಿ. ದೋಣಿಯೂ ಬೇಡ, ದಡದಿಂದಲೇ ಸಿಗುತ್ತದೆ. ಜಾರ್ಜಿಯಾದಲ್ಲಿ 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಅದನ್ನು ಮರೆಯಬೇಡಿ.

ಜೂನ್‌ನಲ್ಲಿ ಹೆರಿಂಗ್ ಮತ್ತೆ ನಡುನೀರಿಗೆ. ಈಗ ಬೇಕಾಗುವುದು ದಿಬ್ಬ, ಅದರ ಮೇಲೆ ಮುಳುಗಿಸಿದ ಕೊಂಬೆಗಳ ರಾಶಿ. ಲೇನಿಯರ್‌ನಲ್ಲಿ ನೀರೊಳಗೆ ಜೊಂಡು ಕಡಿಮೆ, ತಳ ಬೋಳು. ಅದಕ್ಕೆ ಗಾಳದವರು ಹಿಂದಿನಿಂದಲೂ ಮರದ ಕೊಂಬೆ, ಬಿದಿರಿನ ಕಟ್ಟು ತಂದು ತೂಕ ಕಟ್ಟಿ ಮುಳುಗಿಸುತ್ತಾ ಬಂದಿದ್ದಾರೆ. ಬಿದಿರು ನೆಟ್ಟಗೆ ನಿಲ್ಲುವುದರಿಂದ 25 ಅಡಿ ನೀರಲ್ಲಿ ಒಂದು ಸಣ್ಣ ಮೆಳೆಯೇ ಹುಟ್ಟಿಕೊಳ್ಳುತ್ತದೆ. ಸ್ಪಾಟ್‌ಗಳು ಅದರ ಸುತ್ತ ಕೂತು, ಮೇಲೆ ಹಾದು ಹೋಗುವ ಹೆರಿಂಗ್‌ಗೆ ಕಾಯುತ್ತವೆ. ರಸ್ತೆಬದಿಯ ಮರದ ಕೆಳಗೆ ಬಸ್ಸಿಗೆ ಕಾಯುವ ಹಾಗೆ.

ಇಲ್ಲಿ ಹೊಸಬರಿಗೆ ನಂಬಲು ಕಷ್ಟವಾಗುವ ಒಂದು ಸಂಗತಿ ಇದೆ. 25 ಅಡಿ ಕೆಳಗಿರುವ ಮೀನನ್ನು ನೀರಿನ ಮೇಲ್ಮೈಯಲ್ಲೇ ಹಿಡಿಯಬಹುದು. ಅಣೆಕಟ್ಟಿನ ಕಡೆಯ ನೀರು ತಿಳಿ, ಕೆಳಗಿನಿಂದ ಮೇಲಕ್ಕೆ ನೋಡುವ ಮೀನಿಗೆ ಹೊಳೆಯುವ ಆಕಾಶದ ಎದುರು ಏನು ಓಡಿದರೂ ಕಾಣುತ್ತದೆ. ದೊಡ್ಡ ತೇಲುವ ಮರದ ಮೀನನ್ನು ಎಡಕ್ಕೆ ಬಲಕ್ಕೆ ಕುಣಿಸುತ್ತಾ ಆ ಮೆಳೆಯ ಮೇಲೆ ಎಳೆದರೆ, ಒಂದಲ್ಲ, ಮೂರು ನಾಲ್ಕು ಮೀನು ಪೈಪೋಟಿಯಲ್ಲಿ ಮೇಲೆ ನುಗ್ಗುತ್ತವೆ. ಆ ಕ್ಷಣ ನೋಡಿದವರು ಮರೆಯುವುದಿಲ್ಲ.

ಬಾಸ್‌ಗೆ ಮೋಡದ ದಿನವೇ ಒಳ್ಳೆಯದು ಅಂತ ಎಲ್ಲ ಕಡೆ ಹೇಳುತ್ತಾರೆ. ಹೆರಿಂಗ್ ಇರುವ ನೀರಲ್ಲಿ ಅದು ತಿರುಗುಮುರುಗು. ಇಲ್ಲಿ ಬಿಸಿಲೂ ಬೇಕು, ಗಾಳಿಯೂ ಬೇಕು. ಬಿಸಿಲಿದ್ದರೆ ಮೇಲೆ ಓಡುವ ಮೀನಿನ ಆಕಾರ ಸ್ಪಷ್ಟ ಕಾಣುತ್ತದೆ. ಗಾಳಿ ಇದ್ದರೆ ಮೇಲ್ಮೈ ಒಡೆದು, ನಿಮ್ಮ ಮರದ ಮೀನು ಮರದ್ದು ಅಂತ ಗೊತ್ತಾಗುವುದಿಲ್ಲ. ಗಾಳಿಯಿಲ್ಲದ ಕನ್ನಡಿಯಂಥ ಮಧ್ಯಾಹ್ನ ಮೀನು ಹತ್ತಿರ ಬಂದು, ನೋಡಿ, ವಾಪಸ್ ಹೋಗುತ್ತದೆ. ಆಗ ತುದಿಗೆ ಸೀಸದ ಗುಂಡು, ಅದರ ಒಂದಡಿ ಮೇಲೆ ಸಣ್ಣ ಕೊಕ್ಕೆಗೆ ರಬ್ಬರ್ ಹುಳು ಕಟ್ಟಿದ ಡ್ರಾಪ್ ಶಾಟ್ ಹಾಕಿ, ಮೆಳೆಯ ಪಕ್ಕಕ್ಕೇ ಇಳಿಸಿ ಅಲುಗಿಸದೆ ಹಿಡಿಯಿರಿ. ದಾರ ತೆಳ್ಳಗಿರಲಿ, 6 ಅಥವಾ 8 ಪೌಂಡು ಎಳೆತ ತಾಳುವಂಥದು.

ಈಗ ಬಹಳ ಜನರ ದೋಣಿಯಲ್ಲಿ ಮುಂದಕ್ಕೆ ನೋಡುವ ಲೈವ್ ಸೋನಾರ್ ಇದೆ. ಗಾಳಕ್ಕೆ ಮೀನು ಬರುವುದನ್ನು ಪರದೆಯಲ್ಲೇ ನೋಡಬಹುದು. ನಾನು ಅದರ ವಿರೋಧಿಯಲ್ಲ. ಆದರೆ ಅದು ಮೀನು ಎಲ್ಲಿದೆ ಅನ್ನುತ್ತದೆ, ಯಾಕಿದೆ ಅನ್ನುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಮೊದಲು ಆಳ ಮತ್ತು ಶಾಖ ತೋರಿಸುವ ಸಾದಾ ಯಂತ್ರ ಕೊಳ್ಳಿ, ಜೊತೆಗೆ ಒಂದು ನೋಟ್‌ಬುಕ್. ತಾರೀಕು, ನೀರಿನ ಶಾಖ, ಮಟ್ಟ, ಸಿಕ್ಕಿದ ಆಳ. ಎರಡು ವರ್ಷ ಬರೆದರೆ ಆ ಪುಸ್ತಕ ಯಾವ ಪರದೆಗಿಂತಲೂ ಜಾಸ್ತಿ ಹೇಳುತ್ತದೆ.

ಶರತ್ಕಾಲದ ಬಗ್ಗೆ ಹೇಳಲು ಕಡಿಮೆ ಇದೆ, ಯಾಕೆಂದರೆ ಆಗ ಮೀನು ನಿಂತಲ್ಲಿ ನಿಲ್ಲುವುದಿಲ್ಲ. ಅಕ್ಟೋಬರ್‌ನಲ್ಲಿ ಮೇಲಿನ ನೀರು ತಣ್ಣಗಾಗುತ್ತಿದ್ದ ಹಾಗೆ ಹಿಂಡುಗಳು ಎಲ್ಲೆಂದರಲ್ಲಿ ಮೇಲೆ ಬರುತ್ತವೆ. ದೂರದಲ್ಲಿ ನೀರು ಕುದಿದ ಹಾಗೆ ಚಿಮ್ಮುತ್ತದೆ. ಹತ್ತಿರ ಹೋಗುವಷ್ಟರಲ್ಲಿ ಮಾಯ. ಬೆನ್ನಟ್ಟಿ ಓಡಬೇಡಿ, ದೊಡ್ಡ ಮೋಟಾರಿನ ಸದ್ದಿಗೆ ಮೀನು ಮುಳುಗುತ್ತದೆ. ಎರಡು ಮೂರು ಸಲ ಚಿಮ್ಮಿದ ಕಡೆ ಕೆಳಗೆ ದಿಬ್ಬ ಇದೆಯಾ ನೋಡಿ, ಅಲ್ಲೇ ಕಾಯಿರಿ. ನೀರು ಮಗುಚುವ ಒಂದೆರಡು ವಾರ ತಳದ ಕೊಳೆ ಮೇಲೆ ಬಂದು ನೀರು ಮಂಕಾಗುತ್ತದೆ, ಕೆಲವು ಕಡೆ ವಾಸನೆಯೂ ಇರುತ್ತದೆ. ಆಗ ಅಣೆಕಟ್ಟಿನ ಕಡೆ ಬಿಟ್ಟು, ನದಿಗಳು ಬಂದು ಸೇರುವ ಮೇಲಿನ ಕಡೆ ಹೋದರೆ ವಾಸಿ. ಅಲ್ಲಿ ಆಳ ಕಡಿಮೆ, ಹರಿವಿರುತ್ತದೆ, ನೀರು ಬೇಗ ಬೆರೆತು ತಿಳಿಯಾಗುತ್ತದೆ.

ಡಿಸೆಂಬರ್ ಮಧ್ಯದಲ್ಲಿ ಒಂದು ಬೆಳಗ್ಗೆ ಯಂತ್ರದ ಪರದೆ 12 ಡಿಗ್ರಿ ತೋರಿಸುತ್ತದೆ. ಮಂಕು ಹೋಗಿ ನೀರು ಮತ್ತೆ ಹಸಿರಾಗಿರುತ್ತದೆ. ಕೆಂಪು ಮಣ್ಣಿನ ಆ ಮೂಗಿನ ಪಕ್ಕ ಎರಡು ಲೂನ್ ಹಕ್ಕಿಗಳು ಒಂದಾದ ಮೇಲೆ ಒಂದು ಮುಳುಗುತ್ತಿರುತ್ತವೆ. ಸೂರ್ಯ ಹುಟ್ಟಲು ಇನ್ನೂ ಇಪ್ಪತ್ತು ನಿಮಿಷ ಇದೆ. ಮೋಟಾರ್ ಆರಿಸಿ, ದೋಣಿಯನ್ನು ಆಳದ ಕಡೆಗೇ ನಿಲ್ಲಿಸಿ, ಗಾಳವನ್ನು ಕೊರಕಲಿನ ತುದಿಗೆ ಎಸೆಯಿರಿ.